ತಿನ್ನುವ ಕಾಗದ, ಗೋವಾದ ಅಚ್ಚು ಮತ್ತು ಒಂದು ಹುಟ್ಟುಹಬ್ಬ

ಸಂಕ್ರಾಂತಿ ಕಳೆದು ಒಂದು ವಾರ ಆಗಿತ್ತು. ಶಾಲೆ ಬಿಟ್ಟ ಮೇಲೆ ಹಾಜರಿ ಪುಸ್ತಕ ಕಪಾಟಿನಲ್ಲಿಡುತ್ತಿದ್ದೆ. ನಾಲ್ಕನೇ ತರಗತಿಯ ಒಬ್ಬ ಹುಡುಗಿಯ ಅಪ್ಪ ಬಾಗಿಲಲ್ಲಿ ಬಂದು ನಿಂತರು. ಗದಗ ಕಡೆಯವರು, ಇಲ್ಲಿ ವಾಸ್ಕೋ ಸುತ್ತಮುತ್ತ ಕಟ್ಟಡದ ಕೆಲಸ ಮಾಡುತ್ತಾರೆ. ಕೈಯಲ್ಲಿ ಮೊಬೈಲು.

"ಸರ್, ನಾಳೆ ಮಗಳ ಹುಟ್ಟುಹಬ್ಬ ಐತ್ರಿ. ಬೇಕರ್‍ಯಾಗ ಫೋಟೊ ಕೇಕ್ ಹೇಳೀನಿ. ಮ್ಯಾಲೆ ಕನ್ನಡದಾಗ ಬರಿಸ್ಬೇಕು ಅಂದ್ರ ಅವ್ರ ಕಂಪ್ಯೂಟರಿಗೆ ಬರಾಕ ಹತ್ತಿಲ್ರಿ. ನೀವೊಂದೀಟು ಬರ್ರಿ."

ಇಂಗ್ಲಿಷಿನಲ್ಲೇ ಬರೆಸಿದರೆ ಆಗದೇ ಎಂದು ಕೇಳಿದೆ. ಊರಲ್ಲಿರುವ ಅವ್ವ ವಿಡಿಯೋ ಕಾಲ್‌ನಲ್ಲಿ ಕೇಕ್ ನೋಡುತ್ತಾಳೆ, ಅವಳಿಗೆ ಕನ್ನಡ ಅಕ್ಷರ ಮಾತ್ರ ಗೊತ್ತು ಎಂದರು. ತೊಂಬತ್ತರ ದಶಕದ ಸಾಕ್ಷರತಾ ಆಂದೋಲನದಲ್ಲಿ ರಾತ್ರಿ ಶಾಲೆಗೆ ಹೋಗಿ ಅಕ್ಷರ ಕಲಿತ ಮುದುಕಿಯಂತೆ. ಇಷ್ಟು ಕೇಳಿದ ಮೇಲೆ ಮೇಷ್ಟರಾದವನು ಹೋಗದೆ ಇರಲು ಸಾಧ್ಯವೇ? ಹೋದೆ.

ಬೇಕರಿಯ ಹುಡುಗ ಪರದೆ ತೋರಿಸಿದ. "ಹುಟ್ಟುಹಬ್ಬ" ಎನ್ನುವುದು "ಹುಟ್‌ಟುಹಬ್‌ಬ" ಎಂದು ಮುರಿದು ಬಿದ್ದಿತ್ತು. ಒತ್ತಕ್ಷರ ಕೆಳಗೆ ಇಳಿಯದೆ ಪಕ್ಕದಲ್ಲೇ ಹಠ ಹಿಡಿದು ಕೂತಿತ್ತು. ಕಂಪ್ಯೂಟರಿನ ಒಳಗೆ ನಮ್ಮ ಒತ್ತಕ್ಷರ ಮೂರು ತುಂಡಾಗಿರುತ್ತದೆ: ಮೊದಲ ವ್ಯಂಜನ, ಒಂದು ಹಲಂತ, ಮತ್ತೆ ವ್ಯಂಜನ. ಅವನ್ನು ಜೋಡಿಸಿ ಒಂದರ ಕೆಳಗೊಂದು ಕೂರಿಸುವ ಕೆಲಸ ತಂತ್ರಾಂಶದ್ದು. ಚಿತ್ರ ವಿನ್ಯಾಸದ ಹಳೆಯ ತಂತ್ರಾಂಶಗಳಲ್ಲಿ ಕೆಲವಕ್ಕೆ ಈ ವಿದ್ಯೆ ಗೊತ್ತಿಲ್ಲ. ಆ ಹುಡುಗನದೇನೂ ತಪ್ಪಿಲ್ಲ ಬಿಡಿ.

ಕೊನೆಗೆ ಏನು ಮಾಡಿದೆವು ಎನ್ನುವುದನ್ನು ಆಮೇಲೆ ಹೇಳುತ್ತೇನೆ. ಅಲ್ಲಿ ನಿಂತಿದ್ದಾಗ ತಲೆಗೆ ಬಂದ ಒಂದು ವಿಚಾರವನ್ನು ಮೊದಲು ನಿಮ್ಮ ಮುಂದಿಡಬೇಕು. ತಿನ್ನುವ ವಸ್ತುವಿನ ಮೇಲೆ ಚಿತ್ರ ಅಚ್ಚು ಹಾಕುವುದು ಹೊಸ ಕಾಲದ ಶೋಕಿ ಎಂದು ನಾವೆಲ್ಲ ಅಂದುಕೊಂಡಿದ್ದೇವೆ. ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಗೋವಾದಲ್ಲಿ ಅದಕ್ಕೆ ಸುಮಾರು ಐನೂರು ವರ್ಷದ ಚರಿತ್ರೆ ಇದೆ!

ಮೊದಲು ಈ ಕಾಗದ ಏನು ಎಂದು ನೋಡೋಣ. ಬೇಕರಿಗಳಲ್ಲಿ ಎರಡು ಬಗೆಯ ಹಾಳೆ ಬಳಸುತ್ತಾರೆ. ಒಂದು ವೇಫರ್ ಹಾಳೆ. ಆಲೂಗಡ್ಡೆಯ ಪಿಷ್ಟ, ನೀರು, ಚೂರು ಎಣ್ಣೆ, ಇಷ್ಟೇ ಇದರ ಸಾಮಾನು. ನಮ್ಮ ಹಪ್ಪಳದ ತಂಗಿ ಅನ್ನಿ. ತೆಳ್ಳಗೆ, ಬೆಳ್ಳಗೆ, ರುಚಿಯಿಲ್ಲದೆ, ಬಾಗಿಸಿದರೆ ಮುರಿಯುವಂತೆ ಇರುತ್ತದೆ. ರೈಸ್ ಪೇಪರ್ ಎಂದು ಕರೆದರೂ ಎಷ್ಟೋ ಸಲ ಅದರಲ್ಲಿ ಅಕ್ಕಿ ಇರುವುದೇ ಇಲ್ಲ. ಎರಡನೆಯದು ಸಕ್ಕರೆ ಹಾಳೆ. ಇದರಲ್ಲಿ ಸಕ್ಕರೆ, ಜೋಳದ ಪಿಷ್ಟ, ಮೆದುವಾಗಿರಲು ಗ್ಲಿಸರಿನ್ ಇರುತ್ತವೆ. ಹಿಂಬದಿಗೆ ಪ್ಲಾಸ್ಟಿಕ್ ಹಾಳೆ ಅಂಟಿರುತ್ತದೆ, ಅದನ್ನು ಸುಲಿದು ಕೇಕಿನ ಮೇಲೆ ಹಾಸಬೇಕು. ಕೆನೆಯ ತೇವ ಹೀರಿಕೊಂಡು ಸ್ವಲ್ಪ ಹೊತ್ತಿನಲ್ಲಿ ಕೇಕಿನೊಳಗೇ ಬೆರೆತುಹೋಗುತ್ತದೆ. ವೇಫರ್ ಹಾಳೆಗೆ ಅಷ್ಟು ತೇವ ತಡೆಯುವುದಿಲ್ಲ, ನೀರಾದ ಕೆನೆಯ ಮೇಲಿಟ್ಟರೆ ಸುಕ್ಕುಗಟ್ಟುತ್ತದೆ. ಗೋವಾದ ಮಳೆಗಾಲದಲ್ಲಂತೂ ಎರಡನ್ನೂ ಗಾಳಿಯಾಡದ ಚೀಲದಲ್ಲಿಡದಿದ್ದರೆ ಕೆಲಸಕ್ಕೆ ಬರುವುದಿಲ್ಲ.

ಇನ್ನು ಚರಿತ್ರೆಗೆ ಬರೋಣ. 1510ರಲ್ಲಿ ಪೋರ್ಚುಗೀಸರು ಗೋವಾವನ್ನು ಹಿಡಿದರು. ಅವರ ಜೊತೆ ಪಾದ್ರಿಗಳು ಬಂದರು. ಪೂಜೆಗೆ ಅವರಿಗೆ ಎರಡು ವಸ್ತು ಬೇಕೇ ಬೇಕಿತ್ತು, ದ್ರಾಕ್ಷಾರಸ ಮತ್ತು ಗೋಧಿಯ ರೊಟ್ಟಿ. ಈ ರೊಟ್ಟಿಗೆ ಹುಳಿ ಹಾಕುವಂತಿಲ್ಲ. ಗೋಧಿ ಹಿಟ್ಟು ಮತ್ತು ನೀರು ಬಿಟ್ಟು ಬೇರೇನೂ ಸೇರಿಸುವಂತಿಲ್ಲ. ಅಕ್ಕಿ ಬೆಳೆಯುವ ಈ ನಾಡಿನಲ್ಲೂ ಅಕ್ಕಿಯ ರೊಟ್ಟಿ ಪೂಜೆಗೆ ಸಲ್ಲುತ್ತಿರಲಿಲ್ಲ, ಇವತ್ತಿಗೂ ಸಲ್ಲುವುದಿಲ್ಲ. ಇದನ್ನು ಪೋರ್ಚುಗೀಸರು ಓಸ್ತಿಯಾ ಎನ್ನುತ್ತಾರೆ. ಇಗರ್ಜಿಗೆ ಹೋಗುವ ಮಕ್ಕಳು ನಿಮ್ಮ ತರಗತಿಯಲ್ಲಿದ್ದರೆ ಕೇಳಿ, ನಾಲಿಗೆಯ ಮೇಲೆ ಕಾಗದದಂತೆ ಕರಗುತ್ತದೆ ಎನ್ನುತ್ತಾರೆ.

ಈ ಓಸ್ತಿಯಾ ಮಾಡುವ ಸಲಕರಣೆ ನೋಡಿದರೆ ನಿಮಗೆ ಅಚ್ಚುಯಂತ್ರದ ನೆನಪು ಬರುತ್ತದೆ. ಉದ್ದ ಹಿಡಿಯ ಕಬ್ಬಿಣದ ಇಕ್ಕಳ, ತುದಿಗೆ ಎರಡು ಚಪ್ಪಟೆ ತಟ್ಟೆ. ತಟ್ಟೆಯ ಒಳಮೈಯಲ್ಲಿ ಶಿಲುಬೆ, ಕುರಿಮರಿ, ಯೇಸುವಿನ ಹೆಸರಿನ ಅಕ್ಷರಗಳು, ಹೀಗೆ ಏನಾದರೊಂದು ಕೊರೆದಿರುತ್ತದೆ. ತಟ್ಟೆ ಕಾಯಿಸಿ, ತೆಳು ಹಿಟ್ಟು ಸುರಿದು, ಒತ್ತಿ ಹಿಡಿದರೆ ಕ್ಷಣದಲ್ಲಿ ತೆಳ್ಳನೆಯ ಹಾಳೆ ಸಿದ್ಧ. ಅದರ ಮೈಮೇಲೆ ಚಿತ್ರ ಉಬ್ಬಿ ನಿಂತಿರುತ್ತದೆ. ಯುರೋಪಿನಲ್ಲಿ ಈ ಇಕ್ಕಳಗಳು ಪುಸ್ತಕ ಮುದ್ರಣಕ್ಕಿಂತ ಎಷ್ಟೋ ಶತಮಾನ ಹಳೆಯವು. ಅಂದರೆ ಅಲ್ಲಿ ಪುಸ್ತಕದ ಮೇಲೆ ಅಕ್ಷರ ಒತ್ತುವ ಮೊದಲೇ ರೊಟ್ಟಿಯ ಮೇಲೆ ಅಕ್ಷರ ಒತ್ತುತ್ತಿದ್ದರು.

ಭಕ್ತರಿಗೆ ಇದು ಬರೀ ತಿನಿಸಲ್ಲ, ಪೂಜೆಯಾದ ಮೇಲೆ ಅದು ಅವರ ಪಾಲಿಗೆ ದೇವರೇ. ಆದರೆ ಅದೇ ಹಿಟ್ಟಿನ ಹಾಳೆ ಇಗರ್ಜಿಯ ಹೊರಗೂ ಬಂತು. ಪೋರ್ಚುಗಲ್ಲಿನ ಅವೆಯ್ರೊ ಎಂಬ ಊರಿನಲ್ಲಿ ಮೀನು, ಶಂಖ, ಪೀಪಾಯಿಯ ಆಕಾರದ ವೇಫರ್ ಒಳಗೆ ಮೊಟ್ಟೆಯ ಹಳದಿ ಮತ್ತು ಸಕ್ಕರೆಯ ಪಾಕ ತುಂಬಿ ಮಾರುತ್ತಾರೆ. ಓವುಶ್ ಮೋಲೆಶ್ ಎಂದು ಅದರ ಹೆಸರು. ಅದು ಕನ್ಯಾಮಠದ ಅಡುಗೆಮನೆಯಲ್ಲಿ ಹುಟ್ಟಿದ ಸಿಹಿ. ಜರ್ಮನಿಯಲ್ಲಿ ಸಾಂಬಾರ ಹಾಕಿದ ಕೇಕು ತಟ್ಟೆಗೆ ಅಂಟದಿರಲಿ ಎಂದು ಅಡಿಗೆ ಇದೇ ಹಾಳೆ ಇಟ್ಟರು. ಔಷಧದ ಅಂಗಡಿಯವರು ಕಹಿ ಪುಡಿಯನ್ನು ಇದರಲ್ಲಿ ಸುತ್ತಿ ನುಂಗಲು ಕೊಟ್ಟರು. ಹಿಂದೆ ಪತ್ರ ಮಡಚಿ ಅಂಟಿಸಲು ಬಣ್ಣದ ಹಿಟ್ಟಿನ ಬಿಲ್ಲೆಗಳನ್ನೂ ಬಳಸುತ್ತಿದ್ದರು. ಇವತ್ತಿನ ಬೇಕರಿಯ ವೇಫರ್ ಹಾಳೆ ಈ ವಂಶದ ಕುಡಿ. ಗೋಧಿಯ ಜಾಗಕ್ಕೆ ಆಲೂಗಡ್ಡೆ ಬಂದಿದೆ, ಅಷ್ಟೇ.

ಈಗ ನಮ್ಮ ಭಾಷೆಯ ಕಡೆ ಒಂದು ಕ್ಷಣ ತಿರುಗಿ. ಇದಕ್ಕೆಲ್ಲ ಕನ್ನಡದಲ್ಲಿ ಒಂದೇ ಪದ ಸಾಕು: ಅಚ್ಚು. ಬೆಲ್ಲದ ಅಚ್ಚು, ಸಂಕ್ರಾಂತಿಯ ಸಕ್ಕರೆ ಅಚ್ಚು, ಅಚ್ಚುಮೊಳೆ, ಅಚ್ಚುಕೂಟ, ಕಲ್ಲಚ್ಚು. ಸಿಹಿಗೂ ಪುಸ್ತಕಕ್ಕೂ ನಮ್ಮ ಹಿರಿಯರು ಬೇರೆ ಬೇರೆ ಪದ ಹುಡುಕಲಿಲ್ಲ. ಎರಡು ಹೋಳಿನ ಮರದ ಅಚ್ಚಿಗೆ ದಾರ ಬಿಗಿದು, ಸಕ್ಕರೆ ಪಾಕ ಹೊಯ್ದು, ಆರಿದ ಮೇಲೆ ಬಿಡಿಸಿದರೆ ಆನೆ, ಗಿಳಿ, ತುಳಸಿಕಟ್ಟೆ ಹೊರಗೆ ಬರುತ್ತವೆ. ಆ ಹುಡುಗಿಯ ಅಜ್ಜಿಯೂ ಊರಿಂದ ಬಂದವರ ಕೈಯಲ್ಲಿ ಎಳ್ಳು ಬೆಲ್ಲದ ಜೊತೆ ಸಕ್ಕರೆ ಅಚ್ಚು ಕಳಿಸಿದ್ದಳು. ನನಗೂ ಒಂದು ಆನೆ ಸಿಕ್ಕಿತ್ತು!

ಇನ್ನೊಂದು ಅಚ್ಚಿನ ಕಥೆ ಕೇಳಿ. ಭಾರತದ ಮೊದಲ ಮುದ್ರಣಯಂತ್ರ ಬಂದಿಳಿದದ್ದು ಇದೇ ಗೋವಾದಲ್ಲಿ, 1556ರ ಸೆಪ್ಟೆಂಬರಿನಲ್ಲಿ. ಅದು ಇಲ್ಲಿಗೆಂದು ಹೊರಟದ್ದೇ ಅಲ್ಲ, ಅಬಿಸೀನಿಯಾಕ್ಕೆ, ಅಂದರೆ ಇಂದಿನ ಇಥಿಯೋಪಿಯಾಕ್ಕೆ ಹೋಗಬೇಕಿತ್ತು. ಹಡಗು ಗೋವಾ ಮುಟ್ಟಿತು, ಯಂತ್ರ ಇಲ್ಲೇ ಉಳಿಯಿತು. ಹಳೆ ಗೋವಾದ ಸಂತ ಪಾಲರ ಕಾಲೇಜಿನಲ್ಲಿ ಅದನ್ನು ಹೂಡಿದರು. ಬುಸ್ತಮಾಂತೆ ಎಂಬ ಯೇಸು ಸಭೆಯವರು ಮುದ್ರಕರು. ಅದೇ ವರ್ಷ ಅಚ್ಚಾದ ಮೊದಲ ಪುಸ್ತಿಕೆಯ ಒಂದು ಪ್ರತಿಯೂ ಇವತ್ತು ಉಳಿದಿಲ್ಲ. ಕಾಲೇಜೂ ಉಳಿದಿಲ್ಲ, ಬಾಗಿಲ ಕಮಾನು ಮಾತ್ರ ನಿಂತಿದೆ. ಪ್ರವಾಸಕ್ಕೆ ಬಂದವರು ದೊಡ್ಡ ಇಗರ್ಜಿಗಳನ್ನು ನೋಡಿ ಹಾಗೇ ಹೋಗುತ್ತಾರೆ. ನೀವು ಬಂದರೆ ಆ ಕಮಾನಿನ ಮುಂದೆ ಎರಡು ನಿಮಿಷ ನಿಲ್ಲಿ.

ಇಷ್ಟು ಬೇಗ ಅಚ್ಚು ಬಂದ ನಾಡಿನಲ್ಲಿ ಇಲ್ಲಿನ ಜನರ ಲಿಪಿ ಮಾತ್ರ ಅಚ್ಚಿಗೆ ಬರಲಿಲ್ಲ. ಮೊಳೆಗಳಿದ್ದದ್ದು ರೋಮನ್ ಅಕ್ಷರಕ್ಕೆ. ಇಂಗ್ಲೆಂಡಿನಿಂದ ಬಂದ ಪಾದ್ರಿ ಥಾಮಸ್ ಸ್ಟೀಫನ್ಸ್ ಬರೆದ ಕ್ರಿಸ್ತಪುರಾಣ 1616ರಲ್ಲಿ ರಾಚೋಲಿನಲ್ಲಿ ಅಚ್ಚಾಯಿತು. ಭಾಷೆ ಮರಾಠಿ, ಅಕ್ಷರ ರೋಮನ್. ಅವರದೇ ಕೊಂಕಣಿ ವ್ಯಾಕರಣ ಅವರು ತೀರಿಹೋದ ಮೇಲೆ 1640ರಲ್ಲಿ ಹೊರಬಂತು. ಅದರ ಹೆಸರು "ಆರ್ತೆ ದ ಲಿಂಗ್ವಾ ಕಾನಾರಿಂ". ಹೆಸರು ಕೇಳಿದರೆ ನಮ್ಮ ಕಿವಿ ನೆಟ್ಟಗಾಗುತ್ತದೆ ಅಲ್ಲವೇ? ಪೋರ್ಚುಗೀಸರು ಇಲ್ಲಿನ ಜನರನ್ನೂ ಅವರ ಕೊಂಕಣಿಯನ್ನೂ ಕಾನಾರಿಂ ಎನ್ನುತ್ತಿದ್ದರು. ಆ ಪದ ನಮ್ಮ ಕನ್ನಡದ, ಕೆನರಾದ ನಂಟಿನದು. ಗೋವೆಯ ಕದಂಬರು ಕನ್ನಡದಲ್ಲಿ ಶಾಸನ ಹಾಕಿಸಿದವರು. ಕನ್ನಡ ಲಿಪಿಗೆ ಹತ್ತಿರದ ಗೋಯಕಾನಡಿ ಎಂಬ ಲಿಪಿಯಲ್ಲಿ ಇಲ್ಲಿ ಲೆಕ್ಕಪತ್ರ ಬರೆಯುತ್ತಿದ್ದರು. ಕೈಯಲ್ಲಿ ಅಕ್ಷರವಿತ್ತು, ಯಂತ್ರದಲ್ಲಿ ಅದಕ್ಕೆ ಮೊಳೆ ಇರಲಿಲ್ಲ. ಹಾಗಾಗಿ ಕನ್ನಡದ ನಂಟಿನ ಹೆಸರೊಂದು ಪುಸ್ತಕದ ಶೀರ್ಷಿಕೆಯಲ್ಲಿ ರೋಮನ್ ಅಕ್ಷರದಲ್ಲಿ ಅಚ್ಚಾಯಿತು, ಕನ್ನಡದ ಅಕ್ಷರ ಹೊರಗೇ ಉಳಿಯಿತು.

ಬೇಕರಿಯ ಪರದೆಯ ಮೇಲೆ ಮುರಿದ ಒತ್ತಕ್ಷರ ನೋಡಿದಾಗ ನನಗೆ ನೆನಪಾದದ್ದು ಇದೇ. ಯಂತ್ರ ಬರುತ್ತದೆ, ನಮ್ಮ ಅಕ್ಷರ ಹಿಂದಿನಿಂದ ಬರಬೇಕಾಗುತ್ತದೆ. ಆವತ್ತೂ ಹಾಗೆ, ಇವತ್ತೂ ಹಾಗೆ.

ಹಾಗಾದರೆ ಕನ್ನಡ ಅಚ್ಚಿಗೆ ಬಂದದ್ದು ಹೇಗೆ? ಗೋವಾದ ಮುದ್ರಣಯಂತ್ರ ಬಂದು 261 ವರ್ಷಗಳ ಮೇಲೆ, 1817ರಲ್ಲಿ, ದೂರದ ಬಂಗಾಳದ ಸೆರಾಂಪುರದಲ್ಲಿ ವಿಲಿಯಂ ಕೇರಿಯ ಕನ್ನಡ ವ್ಯಾಕರಣ ಮೊಳೆಗಳಲ್ಲಿ ಅಚ್ಚಾಯಿತು. ನಮ್ಮ ಕರಾವಳಿಯಲ್ಲಿ ಮಾತ್ರ ಬೇರೊಂದು ದಾರಿ ಹಿಡಿದರು. ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನವರು 1841ರಲ್ಲಿ ಅಚ್ಚುಕೂಟ ತೆರೆದರು. 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ ಅವರ "ಮಂಗಳೂರು ಸಮಾಚಾರ" ಹೊರಬಂತು. ಕನ್ನಡದ ಮೊದಲ ಪತ್ರಿಕೆ ಎಂದು ನಾವು ಪತ್ರಿಕಾ ದಿನ ಆಚರಿಸುವುದು ಇದರ ನೆನಪಿಗೆ. ಆ ಪತ್ರಿಕೆಗೆ ಮೊಳೆ ಜೋಡಿಸಿರಲಿಲ್ಲ. ಅದು ಕಲ್ಲಚ್ಚು.

ಕಲ್ಲಚ್ಚು ಅಂದರೆ ಏನು? 1796ರ ಹೊತ್ತಿಗೆ ಬವೇರಿಯಾದ ಸೆನೆಫೆಲ್ಡರ್ ಕಂಡುಹಿಡಿದ ವಿದ್ಯೆ ಅದು. ಎಣ್ಣೆ, ನೀರು ಒಂದಕ್ಕೊಂದು ಸೇರುವುದಿಲ್ಲ ಎನ್ನುವುದೇ ಅದರ ಗುಟ್ಟು. ನುಣುಪಾದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಶಾಯಿಯಲ್ಲಿ ಬರೆದು, ಕಲ್ಲನ್ನು ಒದ್ದೆ ಮಾಡಿ, ಅಚ್ಚಿನ ಶಾಯಿ ಉರುಳಿಸಿದರೆ ಬರೆದ ಕಡೆ ಮಾತ್ರ ಶಾಯಿ ಹಿಡಿಯುತ್ತದೆ. ಕಲ್ಲಿನ ಮೇಲೆ ತಿರುಗುಮುರುಗಾಗಿ ಬರೆಯುವುದು ಕಷ್ಟ. ಅದಕ್ಕೆ ಇನ್ನೊಂದು ಉಪಾಯವೂ ಇತ್ತು. ಅಂಟು ಬಳಿದ ಕಾಗದದ ಮೇಲೆ ನೆಟ್ಟಗೆ ಬರೆದು, ಆ ಕಾಗದವನ್ನು ಕಲ್ಲಿನ ಮೇಲೆ ಕವುಚಿ ಒತ್ತಿದರೆ ಬರಹ ಕಲ್ಲಿಗೆ ಇಳಿಯುತ್ತಿತ್ತು. ಬರೆಯುವ ಕೈ ಒಂದಿದ್ದರೆ ಯಾವ ಲಿಪಿಯಾದರೂ ಸರಿ, ಒತ್ತಕ್ಷರವಾದರೂ ಸರಿ, ಅಚ್ಚಾಗಬಹುದು. ಮರುವರ್ಷ ಪತ್ರಿಕೆ ಬಳ್ಳಾರಿಗೆ ಹೋಗಿ ಮೊಳೆಯಚ್ಚಿನಲ್ಲಿ ಬರತೊಡಗಿತು. ಆದರೆ ಮೊದಲ ಬಾಗಿಲು ತೆರೆದದ್ದು ಕೈಬರಹ.

ಈ ತಿರುಗುಮುರುಗಿನ ಪಾಠವನ್ನು ನಾನು ತರಗತಿಯಲ್ಲಿ ಬಟಾಟೆಯಿಂದ ಮಾಡಿಸುತ್ತೇನೆ. ಬಟಾಟೆ ಎಂಬ ಹೆಸರನ್ನು ಕೊಟ್ಟವರೂ ಪೋರ್ಚುಗೀಸರೇ ನೋಡಿ. ಅರ್ಧ ಕೊಯ್ದ ಬಟಾಟೆಯ ಮೇಲೆ "ಕ" ಎಂದು ಉಬ್ಬಾಗಿ ಕೆತ್ತಿ, ಬಣ್ಣ ಬಳಿದು, ಕಾಗದಕ್ಕೆ ಒತ್ತಿದರೆ ಅಕ್ಷರ ಉಲ್ಟಾ ಬೀಳುತ್ತದೆ. ಮಕ್ಕಳು ಕೂಗಿ ನಗುತ್ತಾರೆ. ಓಸ್ತಿಯಾದ ಇಕ್ಕಳದ ಅಕ್ಷರವನ್ನೂ ಅಚ್ಚುಮೊಳೆಯನ್ನೂ ಉಲ್ಟಾ ಕೊರೆಯಬೇಕಾದದ್ದು ಇದೇ ಕಾರಣಕ್ಕೆ. ಪ್ರಿಂಟರ್ ಬರುವ ಮೊದಲು ಕೇಕಿನವರೂ ಹೀಗೇ ಮಾಡುತ್ತಿದ್ದರು. ಮೇಣದ ಕಾಗದದ ಮೇಲೆ ಬಣ್ಣದ ಜೆಲ್‌ನಿಂದ ಉಲ್ಟಾ ಚಿತ್ರ ಬರೆದು, ಗಟ್ಟಿಯಾದ ಕೆನೆಯ ಮೇಲೆ ಕವುಚಿ ಮೆಲ್ಲಗೆ ಸವರಿ ಎತ್ತಿದರೆ ಚಿತ್ರ ಕೇಕಿಗೆ ಇಳಿಯುತ್ತಿತ್ತು.

ಇಂಕ್‌ಜೆಟ್ ಪ್ರಿಂಟರ್ ಈ ಉಲ್ಟಾ ಕೆಲಸವನ್ನೇ ತಪ್ಪಿಸಿತು. ಅದು ಒತ್ತುವುದಿಲ್ಲ, ಹನಿಗಳನ್ನು ಚಿಮ್ಮಿಸುತ್ತದೆ. 1977ರಲ್ಲಿ ಜಪಾನಿನ ಕ್ಯಾನನ್ ಕಂಪನಿಯ ಪ್ರಯೋಗಾಲಯದಲ್ಲಿ ಬೆಸುಗೆ ಹಾಕುವ ಕಾದ ಕಡ್ಡಿಯೊಂದು ಶಾಯಿ ತುಂಬಿದ ಸಿರಿಂಜಿನ ಸೂಜಿಗೆ ತಗುಲಿ, ಶಾಯಿ ಚಿಮ್ಮಿತಂತೆ. ಬಿಸಿಯಿಂದ ಗುಳ್ಳೆ ಎದ್ದು ಹನಿಯನ್ನು ಹೊರದೂಡುವ ಪ್ರಿಂಟರಿಗೆ ಅಲ್ಲಿಂದ ದಾರಿ ಸಿಕ್ಕಿತು. ಎಂಬತ್ತರ ದಶಕದಲ್ಲಿ ಇಂಥವು ಮಾರುಕಟ್ಟೆಗೆ ಬಂದವು. ತೊಂಬತ್ತರ ದಶಕದಲ್ಲಿ ಅಮೆರಿಕದ ಬೇಕರಿಗಳಲ್ಲಿ ಫೋಟೊ ಕೇಕ್ ಕಾಣಿಸಿಕೊಂಡಿತು. ಶಾಯಿಯ ಜಾಗದಲ್ಲಿ ತಿನ್ನುವ ಬಣ್ಣ, ಕಾಗದದ ಜಾಗದಲ್ಲಿ ತಿನ್ನುವ ಹಾಳೆ. ನೀಲಿ, ಕೆನ್ನೇರಳೆ, ಹಳದಿ, ಕಪ್ಪು, ಈ ನಾಲ್ಕರಿಂದಲೇ ಎಲ್ಲ ಬಣ್ಣ.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಮಾಮೂಲಿ ಶಾಯಿ ಹಾಕಿದ ಪ್ರಿಂಟರಿನಲ್ಲಿ ಈ ಹಾಳೆ ತೂರಿಸಿದರೆ ಅದು ತಿನ್ನುವ ವಸ್ತುವಾಗಿ ಉಳಿಯುವುದಿಲ್ಲ. ಒಮ್ಮೆ ಮಾಮೂಲಿ ಶಾಯಿ ಹರಿದ ಪ್ರಿಂಟರನ್ನು ಆಮೇಲೆ ಕೇಕಿಗೆ ಬಳಸುವುದೂ ತಪ್ಪು, ಬೇರೆ ಪ್ರಿಂಟರೇ ಇರಬೇಕು. ಬಣ್ಣದ ವಿಷಯದಲ್ಲೂ ಕಾನೂನಿದೆ. ನಮ್ಮ ದೇಶದ 2011ರ ಆಹಾರ ಸುರಕ್ಷತಾ ನಿಯಮಗಳು ಹೆಸರಿಸಿದ್ದು 8 ಕೃತಕ ಬಣ್ಣಗಳನ್ನು ಮಾತ್ರ, ಟಾರ್ಟ್ರಾಜಿನ್, ಕಾರ್ಮೋಯ್ಸಿನ್, ಬ್ರಿಲಿಯಂಟ್ ಬ್ಲೂ ಮುಂತಾದವು, ಅವೂ ಮಿತಿಯೊಳಗೆ. 2024ರ ಮಾರ್ಚಿನಲ್ಲಿ ಕರ್ನಾಟಕ ಸರ್ಕಾರ ಬೊಂಬಾಯಿ ಮಿಠಾಯಿಯಲ್ಲಿ ರೋಡಮಿನ್-ಬಿ ಬಳಸಬಾರದು ಎಂದು ಆದೇಶ ಮಾಡಿದ್ದು ನಿಮಗೆ ನೆನಪಿರಬಹುದು. ಬಟ್ಟೆಗೆ ಹಾಕುವ ಬಣ್ಣ ಮಕ್ಕಳ ಹೊಟ್ಟೆಗೆ ಹೋಗುತ್ತಿತ್ತು. ಆದ್ದರಿಂದ ಫೋಟೊ ಕೇಕ್ ಹೇಳುವ ಮೊದಲು "ಪ್ರಿಂಟರ್ ತೋರಿಸಿ, ಶಾಯಿಯ ಡಬ್ಬಿ ತೋರಿಸಿ" ಎಂದು ಕೇಳಲು ನಾಚಿಕೆ ಬೇಡ. ನಾನು ಕೇಳಿದೆ, ಹುಡುಗ ತೋರಿಸಿದ. ಡಬ್ಬಿಯ ಮೇಲೆ ಪರವಾನಗಿ ಸಂಖ್ಯೆ ಇತ್ತು.

ಇರಲಿ, ನಮ್ಮ ಕೇಕಿನ ವಿಷಯಕ್ಕೆ ಬರೋಣ. ಮುರಿದ ಒತ್ತಕ್ಷರವನ್ನು ಸರಿ ಮಾಡಲು ಅರ್ಧ ಗಂಟೆ ಒದ್ದಾಡಿದೆ. ಆಗಲಿಲ್ಲ. ಆಗ ಹೊಳೆಯಿತು, ಮಂಗಳೂರಿನವರು 1843ರಲ್ಲಿ ಮಾಡಿದ್ದನ್ನೇ ನಾವೂ ಮಾಡಬಹುದಲ್ಲ! ಹುಡುಗಿಯನ್ನು ಕರೆಸಿದೆವು. ಕಾಪಿ ಪುಸ್ತಕದ ಹಾಳೆಯ ಮೇಲೆ ದಪ್ಪ ಪೆನ್ನಿನಲ್ಲಿ ಅವಳೇ ಬರೆದಳು, "ಹುಟ್ಟುಹಬ್ಬದ ಶುಭಾಶಯಗಳು". ಒತ್ತು ಎಲ್ಲಿರಬೇಕೋ ಅಲ್ಲೇ ಇತ್ತು. ಮೊಬೈಲಿನಲ್ಲಿ ಅದರ ಫೋಟೊ ತೆಗೆದು, ಅವಳ ಫೋಟೊದ ಕೆಳಗೆ ಕೂರಿಸಿದೆವು. ಯಂತ್ರಕ್ಕೆ ಅದು ಅಕ್ಷರವಲ್ಲ, ಚಿತ್ರ. ಚಿತ್ರ ಎಂದ ಮೇಲೆ ಅದು ತಕರಾರು ಮಾಡಲಿಲ್ಲ. ಹಾಳೆ ಹೊರಬಂದಾಗ ಕಾಪಿ ಪುಸ್ತಕದ ನೀಲಿ ಗೆರೆಗಳೂ ಅಚ್ಚಾಗಿದ್ದವು. ಅಳಿಸಿ ಇನ್ನೊಂದು ತೆಗೆಯಲಾ ಎಂದು ಬೇಕರಿಯ ಹುಡುಗ ಕೇಳಿದ. ಬೇಡ, ಇರಲಿ ಎಂದೆ.

ಮರುದಿನ ಸಂಜೆ ನನ್ನನ್ನೂ ಕರೆದಿದ್ದರು. ಒಂದೇ ಕೋಣೆಯ ಮನೆ, ತುಂಬ ಮಕ್ಕಳು. ಮೊಬೈಲಿನಲ್ಲಿ ಅಜ್ಜಿ ಬಂದಳು. ಕನ್ನಡಕ ಏರಿಸಿ, ಕೂಡಿಸಿ ಕೂಡಿಸಿ ಓದಿದಳು, "ಹು...ಟ್ಟು...ಹ...ಬ್ಬ...ದ". ಓದಿ ಮುಗಿಯುವವರೆಗೆ ಯಾರೂ ಚಾಕು ಎತ್ತಲಿಲ್ಲ. ಓದಿದ ಮೇಲೆ ಕೇಳಿದಳು, "ಯಾರ ಅಕ್ಷರ ಇದು, ಕೂಸಿಂದೇನ?" ಹೌದೆಂದಾಗ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಗಟ್ಟಿಯಾಗಿ ಹೇಳಿದಳು, "ಕೂಸಿನ ಮಾರಿ ಮ್ಯಾಲೆ ಚಾಕು ಹಾಕಬ್ಯಾಡ್ರಿ. ಅಕ್ಷರದ ಕಡಿಂದ ಕೊಯ್ರಿ."

ಹಾಗೇ ಕೊಯ್ದರು. ನನ್ನ ಪಾಲಿಗೆ "ಬ್ಬ" ಬಂತು, ಒತ್ತಿನ ಸಮೇತ.

ನಿಮ್ಮ ಮನೆಯ ಅಟ್ಟದ ಮೇಲೆ ಸಕ್ಕರೆ ಅಚ್ಚಿನ ಹಳೆಯ ಮರದ ಅಚ್ಚುಗಳು ಇದ್ದರೆ ದಯವಿಟ್ಟು ಎಸೆಯಬೇಡಿ. ಮಕ್ಕಳ ಕೈಗೆ ಕೊಟ್ಟು, ಒಳಗಿನ ಗಿಳಿ ಯಾಕೆ ಉಲ್ಟಾ ಇದೆ ಎಂದು ಕೇಳಿ. ಉತ್ತರ ಅವರೇ ಕಂಡುಕೊಳ್ಳುತ್ತಾರೆ.